ನಲವತ್ತೊಂದನೇ ಲಾಟು, ಅರವತ್ತಮೂರು ಫೋಟೊ

ವರ್ಚುವಲ್ ಮೆಷೀನಿನ ಹಳೆಯ ಸ್ನ್ಯಾಪ್‌ಶಾಟ್ ಅಳಿಸಲು ಹೋದರೆ ಸರ್ವರ್ ಯಾಕೆ ಮಲಗಿಬಿಡುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕೇಳಿದವರ ತಪ್ಪೇನೂ ಇರುವುದಿಲ್ಲ. ಆ ಸಿಟ್ಟು ತೊಂಬತ್ತರ ದಶಕದ ಕೊನೆಯದು, ತಮಿಳು ಸೀಮೆಯ ಬೋಡಿಯ ಏಲಕ್ಕಿ ಹರಾಜು ಕಚೇರಿಯದು. ಆಗ ವರ್ಚುವಲ್ ಮೆಷೀನ್, ಅಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರ್, ಎಂಬ ಮಾತನ್ನೇ ನಾನು ಕೇಳಿರಲಿಲ್ಲ. ಆದರೆ ಒಂದು ಕ್ಷಣದ ಲೆಕ್ಕವನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಎಂಬ ಪೀಡೆಯನ್ನು ನನ್ನ ಕೈಯಾರೆ ಫಾಕ್ಸ್‌ಪ್ರೋ ಎಂಬ ಪ್ರೋಗ್ರಾಮ್ ಭಾಷೆಯಲ್ಲಿ ಬರೆದು ಆ ಕಚೇರಿಗೆ ಕೊಟ್ಟಿದ್ದೆ.

ತೇನಿಯ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ಆಗ ನನಗೆ ಕೆಲಸ. ಹರಾಜು ಕಚೇರಿಗೆ ಒಂದು ಸರ್ವರ್, ನಾಲ್ಕು ಟರ್ಮಿನಲ್, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೊಟ್ಟವರು ನಾವೇ. ಘಾಟಿಯ ಮೇಲಿನ ಬೋಡಿಮೆಟ್ಟಿನ ತೋಟಗಳಿಂದ ಜೀಪುಗಳಲ್ಲಿ ಏಲಕ್ಕಿ ಮೂಟೆ ಇಳಿಯುತ್ತವೆ. ಗೋದಾಮಿನಲ್ಲಿ ತೂಕವಾಗುತ್ತದೆ. ಒಂದು ತೋಟದ ಒಂದು ಬಗೆಯ ಕಾಯಿಗೆ ಒಂದು ಲಾಟು ನಂಬರು. ಬುಧವಾರ ಮತ್ತು ಶನಿವಾರ ಬೆಳಗ್ಗೆ ಹತ್ತಕ್ಕೆ ಹರಾಜು. ಅಷ್ಟರೊಳಗೆ ಲಾಟುಗಳ ಪಟ್ಟಿ ಅಚ್ಚಾಗಿ ವ್ಯಾಪಾರಿಗಳ ಕೈಯಲ್ಲಿರಬೇಕು. ವ್ಯಾಪಾರಿಗಳು ಸ್ಯಾಂಪಲ್ ಪೊಟ್ಟಣ ಬಿಡಿಸಿ, ನಾಲ್ಕು ಕಾಯಿ ಅಂಗೈಯಲ್ಲಿ ಉಜ್ಜಿ, ಉಳಿದದ್ದನ್ನು ನೆಲಕ್ಕೆ ಎಸೆಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಹರಾಜಿನ ಹಾಲಿನ ತುಂಬ ಏಲಕ್ಕಿಯ ಮೇಲೆ ನಡೆಯಬೇಕು.

ಲಾಟು ಬರೆಸಿದ ಮೇಲೂ ತೋಟದವರು ಮನಸ್ಸು ಬದಲಾಯಿಸುತ್ತಾರೆ. ಎರಡು ಲಾಟು ಸೇರಿಸಿ ಎನ್ನುತ್ತಾರೆ, ಒಡೆಯಿರಿ ಎನ್ನುತ್ತಾರೆ, ಈ ವಾರ ಬೇಡ ವಾಪಸ್ ತೆಗೆಯಿರಿ ಎನ್ನುತ್ತಾರೆ. ಜಗಳ ಬಂದರೆ ಯಾವ ಹೊತ್ತಿಗೆ ಏನಿತ್ತು ಎಂದು ತೋರಿಸಬೇಕಲ್ಲ? ಅದಕ್ಕೆ ನಾನು ಒಂದು ಉಪಾಯ ಮಾಡಿದ್ದೆ. ಒಂದು ಕೀ ಒತ್ತಿದರೆ ಆ ಕ್ಷಣದ ಲೆಕ್ಕ ಇದ್ದ ಹಾಗೆ ಬಿಗಿದುಕೊಳ್ಳುತ್ತದೆ, ಮುಂದಿನ ಬದಲಾವಣೆಗಳೆಲ್ಲ ಬೇರೊಂದು ಸಣ್ಣ ಫೈಲಿಗೆ ಹೋಗುತ್ತವೆ. ಕಚೇರಿಯವರು ಅದನ್ನು ಫೋಟೊ ಎಂದರು. ಹರಾಜಿಗೆ ಒಂದು ಫೋಟೊ, ಮುಗಿದ ಮೇಲೆ ಅದನ್ನು ಅಳಿಸುವುದು ನನ್ನ ಲೆಕ್ಕ. ಅಳಿಸುವುದೆಂದರೆ ಹರಿದು ಬಿಸಾಡುವುದಲ್ಲ. ಮೇಲಿನ ಸಣ್ಣ ಫೈಲಿನ ಬದಲಾವಣೆಗಳನ್ನು ಒಂದೊಂದಾಗಿ ಕೆಳಗಿನ ದೊಡ್ಡ ಫೈಲಿಗೆ ಮಡಚಿ ಸೇರಿಸಬೇಕು. ಒಂದಿದ್ದರೆ ಐದು ನಿಮಿಷದ ಕೆಲಸ.

ಆ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ನಾನು ಬೋಡಿಗೆ ಹೋದಾಗ ಒಂದು ಲಾಟು ತೆರೆಯಲು ನಾಲ್ಕು ನಿಮಿಷ ಹಿಡಿಯುತ್ತಿತ್ತು. ಸರ್ವರಿನ ಡಿಸ್ಕ್‌ನಲ್ಲಿ ಜಾಗ ಇಲ್ಲವೇ ಇಲ್ಲ ಎನ್ನುವಷ್ಟಿತ್ತು. ಹೊರಗೆ ಮೂಟೆ ಹೊತ್ತವರು ಸಾಲು ನಿಂತಿದ್ದರು. ಫೋಟೊಗಳ ಪಟ್ಟಿ ತೆಗೆದೆ. ಅರವತ್ತಮೂರು.

ಇಷ್ಟು ತೆಗೆದವರು ಹೆಡ್ ಕ್ಲಾರ್ಕ್. ಮೂವತ್ತೊಂದು ವರ್ಷ ಆ ಕಚೇರಿಯ ಪುಸ್ತಕ ಬರೆದವರು. ಅವರ ಪುಸ್ತಕದಲ್ಲಿ ಯಾವತ್ತೂ ಏನನ್ನೂ ಅಳಿಸಿದ್ದಿಲ್ಲ. ತಪ್ಪಾದರೆ ಮೇಲೆ ಒಂದು ಗೆರೆ, ಕೆಳಗಿನದು ಓದಲು ಬರಬೇಕು, ಪಕ್ಕದಲ್ಲಿ ಸಹಿ. ಆರು ತಿಂಗಳ ಹಿಂದೆ ಮೊದಲಾಳಿ, ಅಂದರೆ ಕಚೇರಿಯ ಯಜಮಾನ, ಪುಸ್ತಕ ಕಟ್ಟಿಡಿಸಿ ಕಂಪ್ಯೂಟರ್ ತಂದಿದ್ದ. ಕಳೆದ ಗುರುವಾರ ಫೋಟೊ ತೆಗೆಯುವುದನ್ನು ಹೆಡ್ ಕ್ಲಾರ್ಕಿಗೆ ಕಲಿಸಿದವಳು ನಾನೇ. ಪರದೆಯ ಮೇಲೆ ಒಂದು ಅಂಕೆ ತಿದ್ದಿದರೆ ಹಳೆಯದು ಕಾಣದೆ ಹೋಗುತ್ತದಲ್ಲ, ಅದು ಅವರಿಗೆ ಸಹಿಸಲಾಗಲಿಲ್ಲ. ಪ್ರತಿ ತಿದ್ದುವಿಕೆಗೂ ಮೊದಲು ಒಂದು ಫೋಟೊ. ಅಳಿಸುವ ಕೀ ಅವರು ಮುಟ್ಟಿಯೇ ಇರಲಿಲ್ಲ.

ಅವರೂ ನಮ್ಮ ಜನ, ಮನೆಯಲ್ಲಿ ಕನ್ನಡ ಆಡುವವರು. ನಮ್ಮೂರು ಉತ್ತಮಪಾಳಯಂ ಪಕ್ಕ, ಅವರದು ಬೋಡಿಯ ಹತ್ತಿರ; ಹುಡುಕಿದರೆ ನೆಂಟಸ್ತನವೂ ಸಿಗುತ್ತಿತ್ತೇನೋ. ಅದರಿಂದ ನನಗಾದ ಲಾಭ ಇಷ್ಟೇ: ಕಚೇರಿಯ ಬೇರೆಯವರಿಗೆ ಅರ್ಥವಾಗದ ಭಾಷೆಯಲ್ಲಿ ಅವರು ನನ್ನನ್ನು ಬೈಯುತ್ತಿದ್ದರು.

"ಅಳ್ಸೋ ಪೆಟ್ಟಿ ತಂದು ಮಡ್ಗಿದ್ಯಲ್ಲ ಕೂಸೆ, ಅಳ್ಸ್‌ದೇ ಇರಕ್ಕೂ ನೀನೇ ಕಲ್ಸ್‌ಕೊಟ್ಟೆ. ಈಗ ಅದಕ್ಕೂ ಮೂತಿ ಊದ್ಸ್‌ಕೊಂಡು ಬಂದವ್ಳೆ" ಎಂದರು.

ಅರವತ್ತಮೂರು ಯಾಕೆ ಮಾಮಾ ಎಂದು ಕೇಳಿದೆ. ಅವರು ಗೋದಾಮಿಗೆ ಹೊರಟುಹೋದರು. ನಾನು ಹಲ್ಲು ಕಚ್ಚಿಕೊಂಡು ಕೆಲಸಕ್ಕೆ ಕೂತೆ. ಮೊದಲಾಳಿ ಬಾಗಿಲಲ್ಲಿ ನಿಂತು, ಎಲ್ಲ ಅಳಿಸು, ನಾಳೆ ಹತ್ತಕ್ಕೆ ಪಟ್ಟಿ ಬರದಿದ್ದರೆ ನಿನ್ನ ಪೆಟ್ಟಿಗೆಗಳನ್ನೆಲ್ಲ ರಸ್ತೆಗೆ ಇಡಿಸುತ್ತೇನೆ ಎಂದ. ಅವನು ತಮಾಷೆ ಮಾಡುವ ಮನುಷ್ಯನಲ್ಲ.

ನನ್ನ ಮೊದಲ ತಪ್ಪು ಅವಸರದ್ದು. ಟರ್ಮಿನಲ್‌ಗಳನ್ನು ನಿಲ್ಲಿಸದೆ, ಎಲ್ಲಕ್ಕಿಂತ ಹಳೆಯ ಫೋಟೊದಿಂದ ಅಳಿಸಲು ಶುರು ಮಾಡಿದೆ. ಹಳೆಯದನ್ನು ಅಳಿಸಿದರೆ ಅದರ ಬದಲಾವಣೆ ನೇರವಾಗಿ ದೊಡ್ಡ ಫೈಲಿಗೇ ಇಳಿಯಬೇಕು. ಒಂದೊಂದು ದಾಖಲೆ ಬರೆದಾಗಲೂ ಇಂಡೆಕ್ಸ್, ಅಂದರೆ ಹುಡುಕುವ ಸೂಚಿ, ತಿರುಗಿ ಜೋಡಣೆಯಾಗಬೇಕು. ಅದೇ ಹೊತ್ತಿಗೆ ಗೋದಾಮಿನಿಂದ ಹೊಸ ತೂಕಗಳು ಬಂದು ಬೀಳುತ್ತಿವೆ. ಹತ್ತು ನಿಮಿಷದಲ್ಲಿ ನಾಲ್ಕೂ ಪರದೆಗಳು ಕಲ್ಲಾದವು. ತೂಕದವನು ಕೂಗಿದ. ಜೀಪಿನವರು ಹಾರ್ನ್ ಒತ್ತಿದರು. ಮುಕ್ಕಾಲು ಗಂಟೆ ಕಾದೆ. ಒಂದೇ ಒಂದು ಫೋಟೊ ಕೂಡ ಪೂರ್ತಿ ಮಡಚಿರಲಿಲ್ಲ. ಪುಣ್ಯಕ್ಕೆ ಎಲ್ಲಿಯವರೆಗೆ ಬಂದಿದೆ ಎಂದು ಗುರುತು ಹಾಕಿಕೊಳ್ಳುವಂತೆ ಪ್ರೋಗ್ರಾಮ್ ಬರೆದಿದ್ದೆ. ನಿಲ್ಲಿಸಿದೆ. ಮೊದಲಾಳಿ ಎಲ್ಲರೆದುರು ಕೇಳಿದ, ನಿನಗೆ ಈ ಕೆಲಸ ಗೊತ್ತಾ, ಇಲ್ಲ ನಮ್ಮ ಆಫೀಸಿನಲ್ಲಿ ಕಲಿಯುತ್ತಿದ್ದೀಯಾ?

ಆ ಗಲಾಟೆಯ ನಡುವೆಯೇ ಕಂಗಾಣಿ ಬಂದ. ಬೋಡಿಮೆಟ್ಟಿನ ಮೇಲಿನ ಒಂದು ತೋಟದ ಮೇಸ್ತ್ರಿ ಅವನು. ನಲವತ್ತೊಂದನೇ ಲಾಟು ಅವನದು, ಹನ್ನೆರಡು ಮೂಟೆ. ಶುಕ್ರವಾರ ಬೆಳಗ್ಗೆ ಬರೆಸಿ, ಸಾಯಂಕಾಲ ಬಂದು ಈ ವಾರ ಮಾರಬೇಡಿ ಎಂದು ಹೆಡ್ ಕ್ಲಾರ್ಕಿಗೆ ಹೇಳಿ ಘಾಟಿ ಹತ್ತಿದ್ದ. ಶನಿವಾರದ ಪಟ್ಟಿಯಲ್ಲಿ ಆ ಲಾಟು ಇದ್ದೇ ಇತ್ತು. ಹರಾಜಾಗಿ, ಲಾರಿ ಹತ್ತಿ, ವಡಕ್ಕಿಗೆ, ಅಂದರೆ ಉತ್ತರದ ಊರುಗಳಿಗೆ, ಹೋಗಿಯೂ ಆಗಿತ್ತು. ಹೆಡ್ ಕ್ಲಾರ್ಕ್ ಹರಾಜಿನ ದಿನ ಗೋದಾಮಿನಲ್ಲಿರುವವರು, ಹಾಲಿನಲ್ಲಿ ಯಾವ ಲಾಟು ಕೂಗಿದರು ಎಂಬುದು ಅವರಿಗೆ ಗೊತ್ತಾಗುವುದಿಲ್ಲ. ಕಂಗಾಣಿ ಸುತ್ತಿ ಬಳಸಿ ಮಾತಾಡಲಿಲ್ಲ. ವ್ಯಾಪಾರಿಯ ಹತ್ತಿರ ಎಷ್ಟು ಲಂಚ ತಿಂದೆ ಎಂದು ಗೋದಾಮಿನಿಂದ ಬಂದ ಹೆಡ್ ಕ್ಲಾರ್ಕನ್ನು ನೇರವಾಗಿ ಕೇಳಿದ.

ಹೆಡ್ ಕ್ಲಾರ್ಕ್ ವಾಪಸಾತಿ ಬರೆದೆ ಎಂದರು. ಮೊದಲಾಳಿ ಪರದೆ ತೆಗೆಸಿ ನೋಡಿದ. ನಾಲ್ಕು ನಿಮಿಷದ ಮೇಲೆ ನಲವತ್ತೊಂದು ತೆರೆಯಿತು. ಮಾರಾಟಕ್ಕೆ ಎಂದೇ ಇತ್ತು. ಬುಧವಾರದ ಹರಾಜು ಮುಗಿಯಲಿ, ಆಮೇಲೆ ನಿಮ್ಮ ವಿಷಯ ಮುಗಿಸೋಣ ಎಂದು ಮೊದಲಾಳಿ ಹೆಡ್ ಕ್ಲಾರ್ಕಿಗೆ ಹೇಳಿದ. ಮುಗಿಸುವುದೆಂದರೆ ಏನು ಎಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು.

ಹೆಡ್ ಕ್ಲಾರ್ಕ್ ನನ್ನ ಮೇಜಿನ ಬಳಿ ಬಂದರು.

"ಸುಕ್ರವಾರದ ಪೋಟೋ ತೆಗ್ದು ನೋಡು. ನಾನ್ ಬರ್ದಿದ್ದು ಅದ್ರಲ್ಲಿ ಅದೆ."

ಈಗ ಆಗುವುದಿಲ್ಲ, ನಡುವಿನ ಫೋಟೊ ಓದಬೇಕೆಂದರೆ ಕೆಳಗಿನದನ್ನೆಲ್ಲ ಒಂದೊಂದಾಗಿ ತೆರೆಯಬೇಕು, ಮೊದಲು ನಾಳೆಯ ಪಟ್ಟಿ ಎಂದೆ. ನನ್ನ ದನಿಯಲ್ಲಿ ಇದ್ದದ್ದು ಸೇಡು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಬೆಳಗಿನಿಂದ ಬೈಸಿಕೊಂಡಿದ್ದೆ, ಅವರು ಬರೆದಿಲ್ಲ ಎಂದೇ ನನಗೆ ಖಾತ್ರಿಯಾಗಿತ್ತು. ಕೀ ಒತ್ತಲು ತಡವರಿಸುವ ಬೆರಳುಗಳು, ಎಲ್ಲೋ ಉಳಿಸದೆ ಹೊರಗೆ ಬಂದಿರುತ್ತಾರೆ, ಈಗ ಮೆಷೀನಿನ ಮೇಲೆ ಹಾಕುತ್ತಿದ್ದಾರೆ ಎಂದುಕೊಂಡೆ.

ಮಧ್ಯಾಹ್ನ ನನ್ನ ದಾರಿ ಬದಲಾಯಿಸಿದೆ. ಹಳೆಯದರಿಂದ ಹೋಗಬಾರದು, ಹೊಸದರಿಂದ ಬರಬೇಕು. ಮೇಲಿನ ಸಣ್ಣ ಫೈಲುಗಳನ್ನು ಒಂದರೊಳಗೊಂದು ಮಡಚುತ್ತ ಬಂದರೆ ಅವೆಲ್ಲ ಸಣ್ಣವೇ, ಬೇಗ ಆಗುತ್ತದೆ. ಕೊನೆಯಲ್ಲಿ ಉಳಿದ ಒಂದನ್ನು ಮಾತ್ರ ದೊಡ್ಡ ಫೈಲಿಗೆ ಇಳಿಸುವುದು, ಅದೂ ಟರ್ಮಿನಲ್‌ಗಳನ್ನು ಮುಚ್ಚಿ. ಆದರೆ ಮಡಚುವುದಕ್ಕೂ ಪಕ್ಕದಲ್ಲಿ ಜಾಗ ಬೇಕು. ಡಿಸ್ಕ್‌ನಲ್ಲಿ ಅದು ಇರಲಿಲ್ಲ. ಜಾಗ ಮಾಡಲು ಹೊರಟರೆ ಜಾಗವೇ ಇಲ್ಲ ಎನ್ನುತ್ತದೆ. ಎಂಥ ಪ್ರೋಗ್ರಾಮ್ ಬರೆದೆ ಎಂದು ನನ್ನನ್ನು ನಾನೇ ಬೈದುಕೊಂಡೆ.

ಎಸ್‌ಟಿಡಿ ಬೂತಿನಿಂದ ತೇನಿಗೆ ಫೋನ್ ಮಾಡಿ ಇನ್ನೊಂದು ಡಿಸ್ಕ್ ಕೇಳಿದೆ. ಅಂಗಡಿಯ ಯಜಮಾನರು ಐದು ನಿಮಿಷ ಬೈದರು. ಇದ್ದದ್ದು ಒಂದೇ, ಅದೂ ದಿಂಡಿಗಲ್ಲಿನ ನೂಲಿನ ಗಿರಣಿಯೊಂದರದು, ರಿಪೇರಿಯಾಗಿ ವಾಪಸ್ ಹೋಗಬೇಕಾದದ್ದು. ಗುರುವಾರ ಬೆಳಗ್ಗೆ ನನ್ನ ಮೇಜಿನ ಮೇಲೆ ಇರಬೇಕು, ಗೀರು ಬಿದ್ದಿದ್ದರೆ ನೀನು ಬರಬೇಡ ಎಂದರು. ಟವೆಲಿನಲ್ಲಿ ಸುತ್ತಿ ಬೋಡಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದರು. ನಾನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾಗ ಕರೆಂಟು ಹೋಗಿ ಒಂದು ಗಂಟೆ ಬರಲಿಲ್ಲ. ಡಿಸ್ಕ್ ಜೋಡಿಸಿ, ಎಲ್ಲ ಫೈಲುಗಳನ್ನೂ ನಕಲಿಗೆ ಹಚ್ಚಿ, ದೀಪ ಹಚ್ಚುವ ಹೊತ್ತಿಗೆ ತೇವಾರಂ ದಾರಿಯ ಬಸ್ಸು ಹಿಡಿದು ಮನೆಗೆ ಹೋದೆ.

ಬುಧವಾರ ಮೊದಲ ಬಸ್ಸಿಗೆ ಬಂದೆ. ಏಳು ಗಂಟೆಗೆ ಕಾವಲುಗಾರ ಬಾಗಿಲು ತೆಗೆದ. ನಕಲು ಮುಗಿದಿತ್ತು. ಎಲ್ಲ ಬಂದಿವೆಯೇ ಎಂದು ನೋಡಲು ಹೊಸ ಡಿಸ್ಕಿನ ಫೈಲುಗಳ ಪಟ್ಟಿಯನ್ನು ಹೆಸರಿನ ಕ್ರಮದಲ್ಲಿ ಪರದೆಗೆ ತಂದೆ. ಫೋಟೊ ಒಂದು. ಅದರ ಕೆಳಗೆ ಫೋಟೊ ಹತ್ತು. ಆಮೇಲೆ ಹನ್ನೊಂದು, ಹನ್ನೆರಡು. ಹತ್ತೊಂಬತ್ತು ಆದ ಮೇಲೆ ಎರಡು, ಆಮೇಲೆ ಇಪ್ಪತ್ತು. ಪಟ್ಟಿಯ ಕಟ್ಟಕಡೆಯಲ್ಲಿ ಅರವತ್ತಮೂರು ಇರಲಿಲ್ಲ, ಒಂಬತ್ತು ಇತ್ತು.

ಪಟ್ಟಿಯನ್ನು ಇನ್ನೊಮ್ಮೆ ಮೇಲಿನಿಂದ ಓದಿದೆ.

ಹೆಸರಿನ ಕ್ರಮ ಅಕ್ಷರ ನೋಡುತ್ತದೆ, ಬೆಲೆ ನೋಡುವುದಿಲ್ಲ. ಹತ್ತರ ಮೊದಲ ಅಂಕೆ ಒಂದು, ಹಾಗಾಗಿ ಅದು ಒಂಬತ್ತಕ್ಕಿಂತ ಮುಂಚೆಯೇ ಬಂದು ನಿಲ್ಲುತ್ತದೆ. ಇದು ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಯಾವುದು ಎಲ್ಲಕ್ಕಿಂತ ಹೊಸ ಫೈಲು ಎಂದು ನನ್ನ ಪ್ರೋಗ್ರಾಮ್ ತೀರ್ಮಾನಿಸುತ್ತಿದ್ದದ್ದು ಇದೇ ಕ್ರಮದಲ್ಲಿ. ಒಂದೆರಡು ಫೋಟೊ ಇರುವವರೆಗೆ ತೊಂದರೆ ಇಲ್ಲ. ಹತ್ತು ಆಗುತ್ತವೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಹತ್ತಾದ ಕ್ಷಣದಿಂದ ಒಂಬತ್ತನೆಯ ಫೋಟೊದ ಕಾಲದಲ್ಲಿ ಬರೆದದ್ದೇ ಅದಕ್ಕೆ ಕೊನೆಯ ಮಾತು. ಅದರಲ್ಲಿದ್ದ ಲಾಟನ್ನು ಆಮೇಲೆ ಯಾರು ಎಷ್ಟು ತಿದ್ದಿದರೂ ಪರದೆಗೂ ಪಟ್ಟಿಗೂ ಬರುತ್ತಿದ್ದದ್ದು ಹಳೆಯದೇ.

ಒಂಬತ್ತನೆಯದನ್ನು ತೆರೆದೆ. ಶುಕ್ರವಾರ ಬೆಳಗಿನದು. ನಲವತ್ತೊಂದನೇ ಲಾಟು, ಹನ್ನೆರಡು ಮೂಟೆ, ಮಾರಾಟಕ್ಕೆ. ಹದಿನೇಳನೆಯದನ್ನು ತೆರೆದೆ. ಶುಕ್ರವಾರ ಸಾಯಂಕಾಲ ನಾಲ್ಕೂ ಇಪ್ಪತ್ತು. ನಲವತ್ತೊಂದನೇ ಲಾಟು, ವಾಪಸ್. ಕೆಳಗೆ ಹೆಡ್ ಕ್ಲಾರ್ಕಿನ ಗುರುತಿನ ಅಂಕೆ.

ಅವರು ಬರೆದಿದ್ದರು. ನಾನು ಅದನ್ನು ಮುಚ್ಚಿಟ್ಟಿದ್ದೆ. ನಿನ್ನೆ ಬೆಳಗ್ಗೆ ಮೊದಲಾಳಿ ಹೇಳಿದ ಹಾಗೆ ಎಲ್ಲ ಮಡಚಿ ಮುಗಿಸಿದ್ದರೆ ಇದೇ ತಪ್ಪು ಕ್ರಮದಲ್ಲಿ ಮಡಚಿಕೊಂಡು, ಹದಿನೇಳನೆಯದು ಗುರುತೂ ಇಲ್ಲದೆ ಹೋಗುತ್ತಿತ್ತು. ಈಗಲೂ ಒಂದು ಕೀ ಒತ್ತಿದರೆ ಹೋಗುತ್ತದೆ. ಆ ಯೋಚನೆ ನನಗೆ ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂತು. ಮೊದಲಾಳಿಯ ಅಪ್ಪಣೆಯೇ ಇತ್ತಲ್ಲ, ಯಾರೂ ನನ್ನನ್ನು ಕೇಳುವವರಿರಲಿಲ್ಲ.

ನಾನು ಯಾವುದನ್ನೂ ಅಳಿಸಲಿಲ್ಲ. ಅರವತ್ತಮೂರು ಫೈಲುಗಳಿಗೂ ಹೆಸರು ಬದಲಿಸಿದೆ, ಒಂದಕ್ಕೆ ಸೊನ್ನೆ ಒಂದು, ಎರಡಕ್ಕೆ ಸೊನ್ನೆ ಎರಡು. ಈಗ ಕ್ರಮ ಸರಿಯಾಯಿತು. ಟರ್ಮಿನಲ್ ಮುಚ್ಚಿ, ನಕಲಿನ ಮೇಲೆ ಹೊಸದರಿಂದ ಮಡಚುತ್ತ ಬಂದೆ. ನಲವತ್ತು ನಿಮಿಷದಲ್ಲಿ ಒಂದೇ ಫೈಲಾಯಿತು. ಅದನ್ನು ದೊಡ್ಡದಕ್ಕೆ ಇಳಿಸಲು ಇನ್ನೊಂದು ಗಂಟೆ. ಮೂಲ ಅರವತ್ತಮೂರನ್ನೂ ಹಳೆಯ ಡಿಸ್ಕಿನಲ್ಲಿ ಹಾಗೇ ಬಿಟ್ಟೆ. ಹದಿನೇಳನೆಯ ಫೋಟೊದ ನಲವತ್ತೊಂದನ್ನು ಒಂದು ಕಾಗದದ ಮೇಲೆ ಅಚ್ಚು ತೆಗೆದು ಮಡಿಸಿ ಕೈಚೀಲದಲ್ಲಿಟ್ಟೆ. ಒಂಬತ್ತೂವರೆಗೆ ಪಟ್ಟಿ ಅಚ್ಚಾಗತೊಡಗಿತು.

ಹೇಳುವುದನ್ನು ಹರಾಜು ಮುಗಿದ ಮೇಲೆ ಹೇಳೋಣ ಎಂದುಕೊಂಡೆ. ಮೊದಲು ಪಟ್ಟಿ ಕೈಗೆ ಕೊಟ್ಟರೆ ಮೊದಲಾಳಿ ಸ್ವಲ್ಪ ತಣ್ಣಗಿರುತ್ತಾನೆ, ಪೆಟ್ಟಿಗೆಗಳು ರಸ್ತೆಗೆ ಬರುವುದಿಲ್ಲ, ನನ್ನ ಕೆಲಸವೂ ಉಳಿಯುತ್ತದೆ. ಹೆಡ್ ಕ್ಲಾರ್ಕಿನ ವಿಷಯ ತೀರ್ಮಾನವಾಗುವುದೂ ಹರಾಜಿನ ಮೇಲೆಯೇ. ಎರಡು ಮೂರು ಗಂಟೆಯಲ್ಲಿ ಯಾರಿಗೆ ಏನು ನಷ್ಟ? ಹೀಗೆ ನನಗೆ ನಾನೇ ಒಪ್ಪಿಸಿಕೊಂಡೆ.

ಹತ್ತಕ್ಕೆ ಹರಾಜಿನ ಹಾಲ್ ತುಂಬಿತು. ನಾನು ಹಿಂದಿನ ಬಾಗಿಲ ಬಳಿ ಪಟ್ಟಿಯ ಹಾಳೆಗಳನ್ನು ಹರಿದು ಜೋಡಿಸುತ್ತಿದ್ದೆ. ಮೊದಲ ಲಾಟು ಕೂಗುವ ಮುಂಚೆ ಕಂಗಾಣಿ ಎದ್ದು ನಿಂತ. ಅವನ ಜೊತೆ ಎಂಟು ಹತ್ತು ತೋಟದವರು ಎದ್ದರು. ಬೇಡ ಎಂದ ಲಾಟನ್ನು ಮಾರುವ ಆಫೀಸಿನಲ್ಲಿ ಇವತ್ತು ನಮ್ಮ ಒಂದು ಮೂಟೆಯೂ ಮಾರಾಟವಿಲ್ಲ, ಮಾಡಿದವನು ಇಲ್ಲಿ ಬಂದು ಹೇಳಲಿ ಎಂದರು. ವ್ಯಾಪಾರಿಗಳು ಗಡಿಯಾರ ನೋಡಿಕೊಂಡರು. ಇಬ್ಬರು ಹೊರಡಲು ಎದ್ದೇಬಿಟ್ಟರು. ಮೊದಲಾಳಿ ಗೋದಾಮಿಗೆ ಆಳು ಕಳಿಸಿದ.

ಹೆಡ್ ಕ್ಲಾರ್ಕ್ ಬಂದರು. ಒಂದು ಸಲ ಹಾಲನ್ನು ನೋಡಿದರು, ಗೋಡೆಗೆ ಒರಗಿಸಿದ ಸ್ಯಾಂಪಲ್ ತಟ್ಟೆಗಳನ್ನು ನೋಡಿದರು. ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಸುತ್ತಿಕೊಂಡರು. ಬರೆಯುವುದು ಮರೆತೆ, ತಪ್ಪು ನನ್ನದು, ಮೊದಲಾಳಿಗೂ ಇದಕ್ಕೂ ಸಂಬಂಧವಿಲ್ಲ, ಮನ್ನಿಸಬೇಕು ಎಂದು ತಮಿಳಿನಲ್ಲಿ ಕೈಮುಗಿದು ಹೇಳಿದರು. ಅಪ್ಪನ ವಯಸ್ಸಿನ ಮನುಷ್ಯ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ನನ್ನ ಕೈಚೀಲ ನನ್ನ ಹೆಗಲಲ್ಲೇ ಇತ್ತು. ಹತ್ತು ಹೆಜ್ಜೆ ಮುಂದೆ ಹೋಗಿ ಒಂದು ಕಾಗದ ಬಿಡಿಸಬೇಕಿತ್ತು ಅಷ್ಟೇ. ನನಗೆ ಭಯವಾಯಿತು. ಹಾಳೆಗಳನ್ನು ಜೋಡಿಸುತ್ತಲೇ ನಿಂತೆ. ಕಂಗಾಣಿ ಕೂತ, ಉಳಿದವರೂ ಕೂತರು, ಮೊದಲ ಲಾಟು ಕೂಗಿದರು.

ಒಂದು ಗಂಟೆಗೆ ಮೊದಲಾಳಿಯ ಕೋಣೆಯಲ್ಲಿ ಕಾಗದ ಇಟ್ಟು ಎಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ, ಇವತ್ತಿನ ಪಟ್ಟಿ ಸರಿ ಇದೆಯಾ? ಇದೆ ಎಂದೆ. ಹಾಗಾದರೆ ಈ ಕಾಗದ ಹರಿದು ಹಾಕು, ತೋಟದವರು ತಣ್ಣಗಾಗಿದ್ದಾರೆ, ಕಂಪ್ಯೂಟರ್ ತಪ್ಪು ಮಾಡಿತು ಎಂದು ಗೊತ್ತಾದರೆ ಒಬ್ಬನೂ ಮೂಟೆ ತರುವುದಿಲ್ಲ ಎಂದ. ಹೆಡ್ ಕ್ಲಾರ್ಕನ್ನು ಕೆಲಸದಿಂದ ತೆಗೆಯುವುದಿಲ್ಲ, ಅಷ್ಟು ಸಾಲದಾ ಎಂದೂ ಕೇಳಿದ. ನಾನು ಹರಿಯಲಿಲ್ಲ. ಗೋದಾಮಿಗೆ ಒಯ್ದು ಅವರ ಕೈಗೇ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ಓದಿದರು. ನಾಲ್ಕೂ ಇಪ್ಪತ್ತು ಎಂಬುದರ ಮೇಲೆ ಬೆರಳಿಟ್ಟರು.

"ನೀನ್ ಇದ್ನ ಎಷ್ಟ್ ಗಂಟೆಗೆ ಕಂಡೆ?"

ಏಳೂವರೆಗೆ ಎಂದೆ.

"ನಂಗೂ ತಿಳ್ದಿತ್ತು ನಾನ್ ಬರ್ದೆ ಅಂತ. ಆ ಮೂಟೆಯೆಲ್ಲ ವಾಪಸ್ ಘಾಟಿ ಅತ್ತಬಾರ್ದು ಅಂತ ನಾನ್ ಸುಳ್ ಯೋಳ್ದೆ. ನೀನ್ ಯಾವ್ದುಕ್ ಸುಮ್ಕಿದ್ದೆ?"

ಅವರು ಕಾಗದವನ್ನು ನನ್ನ ಕೈಗೇ ವಾಪಸ್ ಕೊಟ್ಟು ತಕ್ಕಡಿಯ ಕಡೆ ಹೋದರು.

ಮಡಚಿದ ಲೆಕ್ಕವನ್ನು ಬುಧವಾರವೇ ಹಳೆಯ ಡಿಸ್ಕಿನ ದೊಡ್ಡ ಫೈಲಿನ ಜಾಗಕ್ಕೆ ಹಾಕಿದ್ದೆ; ಗುರುವಾರ ಎರವಲು ಡಿಸ್ಕನ್ನು ಗೀರು ಬೀಳದೆ ತೇನಿಗೆ ತಲುಪಿಸಿದೆ. ಅಷ್ಟರಲ್ಲಿ ಬೋಡಿಯಿಂದ ಫೋನ್ ಬಂದಿತ್ತು, ಈ ಹುಡುಗಿಯನ್ನು ಇನ್ನು ಕಳಿಸಬೇಡಿ ಎಂದು. ಬೋಡಿಗೆ ಕಾಲಿಟ್ಟರೆ ಅಂಗಡಿಗೂ ಬರಬೇಡ ಎಂದು ಯಜಮಾನರು ಹೇಳಿದರು. ಶುಕ್ರವಾರ ಪೂರ್ತಿ ಒಂದು ಪ್ರಿಂಟರ್ ಬಿಚ್ಚಿ ಜೋಡಿಸುತ್ತ ಕೂತೆ. ಶನಿವಾರ ಬೆಳಗ್ಗೆ ತೇನಿ ಬಸ್ಸು ಬಿಟ್ಟು ಬೋಡಿಗೆ ಹೋಗುವ ತೇವಾರಂ ದಾರಿಯ ಬಸ್ಸು ಹತ್ತಿದೆ.

ಹಾಲಿನಲ್ಲಿ ವ್ಯಾಪಾರಿಗಳು ಆಗಲೇ ಪೊಟ್ಟಣ ಬಿಡಿಸುತ್ತಿದ್ದರು. ಮೊದಲಾಳಿ ನನ್ನನ್ನು ನೋಡಿ ಏಳುವಷ್ಟರಲ್ಲಿ ನಾನು ಮುಂದೆ ಹೋಗಿ ನಿಂತಿದ್ದೆ. ನಲವತ್ತೊಂದನೇ ಲಾಟಿನ ವಾಪಸಾತಿಯನ್ನು ಹೆಡ್ ಕ್ಲಾರ್ಕ್ ಶುಕ್ರವಾರವೇ ಬರೆದಿದ್ದರು, ಅದನ್ನು ಪಟ್ಟಿಗೆ ಬರದಂತೆ ಮಾಡಿದ್ದು ನನ್ನ ಪ್ರೋಗ್ರಾಮ್, ಬುಧವಾರ ಅವರು ಇಲ್ಲಿ ಕೈಮುಗಿದಾಗ ಅದು ನನಗೆ ಗೊತ್ತಿತ್ತು ಎಂದೆ. ಯಾರಮ್ಮ ನೀನು ಎಂದು ಒಬ್ಬ ವ್ಯಾಪಾರಿ ಕೇಳಿದ. ಹೊತ್ತಾಯಿತು, ಲಾಟು ಕೂಗಿ ಎಂದು ಇನ್ನೊಬ್ಬ. ನನ್ನ ಕೈಯ ಕಾಗದವನ್ನು ಕಂಗಾಣಿ ಮಾತ್ರ ಇಸಿದುಕೊಂಡ. ಎರಡು ಸಲ ಓದಿ, ಎದ್ದು, ಗೋದಾಮಿನ ಕಡೆ ನಡೆದ.

ನಾನೂ ಹಿಂದೆ ಹೋದೆ. ಹೆಡ್ ಕ್ಲಾರ್ಕ್ ತಕ್ಕಡಿಯ ಬಳಿ ನಿಂತಿದ್ದರು. ಕಂಗಾಣಿ ಅವರ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದ, ನನಗೆ ಕೇಳಿಸಲಿಲ್ಲ. ಅವರು ತಲೆಯಾಡಿಸಿದರು. ಮುಂದಿನ ಮೂಟೆ ಎತ್ತಲು ಆಳಿಗೆ ಹೇಳಿದರು. ಆಮೇಲೆ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು.

"ನಿಂಗೆ ಇನ್ನ ಇಲ್ಲೇನ್ ವೇಲೆ?" ಎಂದರು.

ಯಾವ ಕೆಲಸವೂ ಇರಲಿಲ್ಲ. ಬೋಡಿಯಲ್ಲೂ ಇರಲಿಲ್ಲ, ತೇನಿಯಲ್ಲೂ ಇರಲಿಲ್ಲ. ಹೋಗ್ತೀನಿ ಮಾಮಾ ಎಂದು ಹೇಳಿ ಬಸ್ ಸ್ಟ್ಯಾಂಡಿಗೆ ನಡೆದೆ.